ಆಯಾ, ಬಟ್ಲರ್, ಸೈಸ್: ಹೆಸರಿಲ್ಲದ ಹಿರಿಯರನ್ನು ಹುಡುಕುವವರಿಗೆ

"ನಮ್ಮ ಮುತ್ತಜ್ಜ ಬೆಂಗಳೂರು ದಂಡಿನಲ್ಲಿ (ಕಂಟೋನ್ಮೆಂಟಿನಲ್ಲಿ) ದೊರೆ ಮನೆ ಬಟ್ಲರ್ ಆಗಿದ್ದನಂತೆ, ಎಷ್ಟು ಹುಡುಕಿದರೂ ಹೆಸರು ಸಿಗ್ತಿಲ್ಲ." ಈ ಪತ್ರ ನನಗೆ ಬಾಯಿಪಾಠ ಆಗಿದೆ. ಊರು ಬದಲಾಗುತ್ತದೆ, ಬಟ್ಲರ್ ಹೋಗಿ ಆಯಾ ಬರುತ್ತಾಳೆ, ಉಳಿದದ್ದೆಲ್ಲ ಅದೇ. ಹಾಗಾಗಿ ಈ ಸಲ ಅದಕ್ಕೇ ಹೆಚ್ಚು ಜಾಗ. ಮನೆಯ ಹಿರಿಯರನ್ನು ಕೇಳಿ, ಹಳೇ ಪೆಟ್ಟಿಗೆ ತೆಗೆದು ನೋಡಿ ಅನ್ನುವ ಮೊದಲ ಪಾಠವನ್ನು ಇಲ್ಲಿ ಹೇಳುವುದಿಲ್ಲ. ಅಷ್ಟನ್ನೂ ಮಾಡದೆ ಪತ್ರ ಬರೆದವರು ಮೊದಲು ಅದನ್ನು ಮುಗಿಸಿ ಬನ್ನಿ.

ಪ್ರಶ್ನೆ: ನನ್ನ ತಾಯಿಯ ಅಜ್ಜಿ ಮುನಿಯಮ್ಮ ದಂಡಿನಲ್ಲಿ ಆಯಾ ಆಗಿದ್ದರು. "ಮೆಕ್ಕಿ ದೊರೆ"ಯ ಮಕ್ಕಳನ್ನು ನೋಡಿಕೊಳ್ಳುತ್ತಾ ಅವರ ಜೊತೆ ಹಡಗಿನಲ್ಲಿ ಸೀಮೆಗೂ (ಇಂಗ್ಲೆಂಡಿಗೂ) ಹೋಗಿ ಬಂದರಂತೆ. ಮೊದಲ ಮಹಾಯುದ್ಧಕ್ಕೆ ಮುಂಚಿನ ಮಾತು. ಆನ್‌ಲೈನಿನಲ್ಲಿ ಎಷ್ಟೋ ಹುಡುಕಿದೆ. ಅವರ ದಾಖಲೆ ಎಲ್ಲಾದರೂ ಇರುತ್ತದೆಯೇ?

ಇರಬಹುದು. ಆದರೆ ಮುನಿಯಮ್ಮ ಅನ್ನುವ ಹೆಸರಿನಲ್ಲಿ ಬಹುಶಃ ಇರಲಾರದು. ಬ್ರಿಟಿಷರು ಎಲ್ಲವನ್ನೂ ಬರೆದಿಡುತ್ತಿದ್ದರು ಅಂತ ನಮ್ಮಲ್ಲೊಂದು ಭ್ರಮೆ ಇದೆ. ಬರೆದಿಟ್ಟರು, ನಿಜ. ಆದರೆ ಬರೆದದ್ದು ತಮ್ಮ ಬಗ್ಗೆ, ತಮ್ಮ ಖರ್ಚಿನ ಬಗ್ಗೆ. ಮನೆಯ ಲೆಕ್ಕದ ಪುಸ್ತಕದಲ್ಲಿ ಆಳುಗಳು ಬರುವುದು ಕೆಲಸದ ಹೆಸರಿನಲ್ಲೇ: ಬಟ್ಲರ್, ಅವನ ಕೈಕೆಳಗಿನ ಮೇಟಿ, ಕುಕ್, ಮಕ್ಕಳನ್ನು ನೋಡುವ ಆಯಾ, ಕುದುರೆ ನೋಡುವ ಸೈಸ್, ತೋಟದ ಮಾಲಿ, ಚಿಲ್ಲರೆ ಕೆಲಸದ ಹುಡುಗ ಚೋಕ್ರಾ. ಮದ್ರಾಸ್ ಕಡೆಯ ಆಳು ಅಂದರೆ ಅವರ ಬಾಯಲ್ಲಿ ಎಲ್ಲರೂ ರಾಮಸಾಮಿಗಳೇ. ಯಾವುದೋ ದೊರೆಸಾನಿಯ ನೆನಪಿನ ಬರಹದಲ್ಲಿ "ನಮ್ಮ ರಾಮಸಾಮಿ" ಅಂತ ಕಂಡ ತಕ್ಷಣ ಅದು ನಮ್ಮ ಮುತ್ತಜ್ಜನೇ ಅಂತ ವಂಶವೃಕ್ಷಕ್ಕೆ ಅಂಟಿಸಿದವರನ್ನು ನೋಡಿದ್ದೇನೆ.

ಅದಕ್ಕೇ ಮುನಿಯಮ್ಮನನ್ನು ಬಿಡಿ, ಮೆಕ್ಕಿ ದೊರೆಯನ್ನು ಹಿಡಿಯಿರಿ. ಆಳು ಸಿಗುವುದು ಯಜಮಾನನ ಕಾಗದದಲ್ಲಿ. ನಿಮ್ಮ ಮನೆಯಲ್ಲಿ "ಮೆಕ್ಕಿ" ಅಂತ ಉಳಿದದ್ದು ಮೆಕೇ ಇರಬಹುದು, ಮ್ಯಾಕಿ ಇರಬಹುದು, ಮೆಕೆಂಜಿಯೂ ಇರಬಹುದು, ಒಂದನ್ನೇ ನಂಬಿ ಕೂರಬೇಡಿ. ಥ್ಯಾಕರ್ಸ್ ಡೈರೆಕ್ಟರಿ ಮತ್ತು ಮದ್ರಾಸಿನ ಅಸೈಲಂ ಪ್ರೆಸ್ ಆಲ್ಮನಾಕ್‌ನಲ್ಲಿ ಯುರೋಪಿಯನ್ನರ ಹೆಸರು, ಹುದ್ದೆ, ಊರು ಇರುತ್ತದೆ. ದೊರೆ ಸೈನ್ಯದವನಾದರೆ ಸೈನ್ಯದ ಅಧಿಕಾರಿಗಳ ಪಟ್ಟಿಯಾದ ಆರ್ಮಿ ಲಿಸ್ಟ್. ಇವುಗಳ ಎಷ್ಟೋ ಸಂಪುಟಗಳ ಸ್ಕ್ಯಾನ್ ಪ್ರತಿ ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ.

ಆಮೇಲೆ ಮಕ್ಕಳು. ಆಯಾ ಇದ್ದದ್ದೇ ಮಕ್ಕಳಿಗಾಗಿ, ಅಲ್ವಾ? ಆ ಮಕ್ಕಳ ದೀಕ್ಷಾಸ್ನಾನದ ದಾಖಲೆ ಹುಡುಕಿ. ಇಲ್ಲೇ ಜನ ಎಡವುವುದು. ಬೆಂಗಳೂರು ಮೈಸೂರು ಸಂಸ್ಥಾನದ ಊರು, ಹಾಗಾಗಿ ದಾಖಲೆಯೂ ಮೈಸೂರು ಸರ್ಕಾರದ ಕಡತದಲ್ಲೇ ಇರಬೇಕು ಅಂದುಕೊಂಡು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದ ಮುಂದೆ ಸಾಲು ನಿಲ್ಲುತ್ತಾರೆ. ದಂಡು ಪ್ರದೇಶ 1947ರವರೆಗೆ ಬ್ರಿಟಿಷ್ ರೆಸಿಡೆಂಟನ, ಅಂದರೆ ಸಂಸ್ಥಾನದಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯ, ಕೈಯಲ್ಲಿತ್ತು. ಇಲ್ಲಿನ ಚಾಪ್ಲಿನ್‌ಗಳು (ಪಾದ್ರಿಗಳು) ದೀಕ್ಷಾಸ್ನಾನ, ಮದುವೆ, ಮಣ್ಣಿನ ಲೆಕ್ಕ ಕಳಿಸುತ್ತಿದ್ದದ್ದು ಮದ್ರಾಸಿಗೆ, ಅಲ್ಲಿಂದ ಅದರ ನಕಲು ಲಂಡನ್ನಿಗೆ ಹೋಗುತ್ತಿತ್ತು. ಇವತ್ತು ಅವು ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ (ಭಾರತದ ಆಡಳಿತ ನೋಡುತ್ತಿದ್ದ ಲಂಡನ್ನಿನ ಕಚೇರಿ) ದಾಖಲೆಗಳಲ್ಲಿ "ಎನ್/2" ಅನ್ನುವ ಸಾಲಿನಲ್ಲಿವೆ. ಎನ್/1 ಬಂಗಾಳದ್ದು, ಎನ್/3 ಬೊಂಬಾಯಿಯದ್ದು. ಫೈಂಡ್‌ಮೈಪಾಸ್ಟ್ ಅನ್ನುವ ವೆಬ್‌ಸೈಟಿನಲ್ಲಿ ದುಡ್ಡು ಕೊಟ್ಟು ನೋಡಬಹುದು. ಅದಕ್ಕೆ ಮುಂಚೆ ಬ್ರಿಟಿಷ್ ಇಂಡಿಯಾದ ಕುಟುಂಬಗಳನ್ನು ಹುಡುಕುವವರ ಫಿಬಿಸ್ ಸಂಸ್ಥೆಯ ಸೂಚಿಯಲ್ಲಿ ಪುಕ್ಕಟೆ ಹುಡುಕಿ ನೋಡಿ, ಸುಮ್ನೆ ದುಡ್ಡು ಕಳೆಯಬೇಡಿ.

ಮಕ್ಕಳು ಸಿಕ್ಕರೆ ಪ್ರಯಾಣದ ವರ್ಷ ತಾನಾಗಿ ಸಿಗುತ್ತದೆ. ಎರಡು ಮಕ್ಕಳ ದೀಕ್ಷಾಸ್ನಾನ ಬೆಂಗಳೂರಿನಲ್ಲಿ, ಮೂರನೆಯದ್ದು ಇಂಗ್ಲೆಂಡಿನಲ್ಲಿ ಆಗಿದೆ ಅನ್ನಿ. ನಡುವಿನ ಆ ಕಾಲದಲ್ಲೇ ಹಡಗು ಹತ್ತಿದ್ದಾರೆ. ಈಗ ಹಡಗಿನ ಪಟ್ಟಿಗೆ ಹೋಗಿ. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಇಳಿದವರ ಪಟ್ಟಿ "ಬಿಟಿ 26", 1878ರಿಂದ ಇದೆ. ಹೊರಟವರ ಪಟ್ಟಿ "ಬಿಟಿ 27", 1890ರಿಂದ ಇದೆ. ಎರಡೂ 1960ರವರೆಗೆ ನಡೆಯುತ್ತವೆ, ಎರಡೂ ಆನ್‌ಲೈನಿನಲ್ಲಿವೆ. ಅಲ್ಲಿ ನಿಮಗೆ ಕಾಣುವುದು ಹೆಚ್ಚಾಗಿ ಹೀಗೆ: ಮಿಸೆಸ್ ಇಂಥವರು, ಮಕ್ಕಳು, "ಮತ್ತು ಆಯಾ". ಅಷ್ಟೇ. ಹೆಸರಿಲ್ಲ. ಬೇಜಾರಾಗುತ್ತದೆ, ಗೊತ್ತು. ಆದರೆ ಆ ಎರಡು ಪದವೇ ನಿಮ್ಮ ಮುತ್ತಜ್ಜಿ ಆಗಿರಬಹುದು. ದೊರೆಸಾನಿಯ ಹೆಸರು ಗೊತ್ತಿಲ್ಲದೆ ಅದನ್ನು ಹುಡುಕುವ ದಾರಿಯೇ ಇರಲಿಲ್ಲ.

ಇಳಿದವರ ಪಟ್ಟಿಯಲ್ಲಿ ಸಿಗದಿದ್ದರೆ ಹೋಗಲೇ ಇಲ್ಲ ಅಂತಲೂ ತೀರ್ಮಾನಿಸಬೇಡಿ. ಎಷ್ಟೋ ಕುಟುಂಬಗಳು ಫ್ರಾನ್ಸಿನ ಮಾರ್ಸೇಲ್ಸಿನಲ್ಲೇ ಹಡಗು ಇಳಿದು ರೈಲು ಹಿಡಿಯುತ್ತಿದ್ದವು.

ವಾಪಸ್ ಬಂದದ್ದನ್ನು ಹುಡುಕುವಾಗ ಇನ್ನೊಂದು ತಲೆನೋವಿದೆ. ಆಯಾ ಹೋದ ಮನೆಯವರ ಜೊತೆಯೇ ವಾಪಸ್ ಬರುತ್ತಿದ್ದಳು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಹಳ ಸಲ ಹಾಗಾಗುತ್ತಿರಲಿಲ್ಲ. ಊರು ಸೇರಿದ ಮೇಲೆ ಆ ಮನೆಯವರಿಗೆ ಆಯಾ ಬೇಕಾಗಿರಲಿಲ್ಲ. ಭಾರತಕ್ಕೆ ಹೊರಟ ಇನ್ಯಾವುದೋ ಕುಟುಂಬ ಸಿಗುವವರೆಗೆ ಅವಳು ಕಾಯಬೇಕಿತ್ತು. ಕೆಲವರನ್ನು ನಡುನೀರಿನಲ್ಲಿ ಕೈಬಿಟ್ಟದ್ದೂ ಉಂಟು. ಹೀಗೆ ಕಾಯುವವರಿಗೆಂದೇ ಲಂಡನ್ನಿನಲ್ಲಿ "ಆಯಾಸ್ ಹೋಮ್" ಇತ್ತು. ಲಂಡನ್ ಸಿಟಿ ಮಿಷನ್ ಅದನ್ನು ನಡೆಸುತ್ತಿತ್ತು. 1900ರಿಂದ ಹ್ಯಾಕ್ನಿಯ ಕಿಂಗ್ ಎಡ್ವರ್ಡ್ಸ್ ರಸ್ತೆಯ 26ನೇ ನಂಬರಿನಲ್ಲಿ, 1921ರಲ್ಲಿ ಅದೇ ರಸ್ತೆಯ 4ನೇ ನಂಬರಿಗೆ ಹೋಯಿತು. 26ನೇ ನಂಬರಿನ ಮನೆಗೆ 2022ರಲ್ಲಿ ಇತಿಹಾಸದ ಗುರುತಾಗಿ ನೀಲಿ ಫಲಕ ಹಾಕಿದ್ದಾರೆ. ಹಾಗಾಗಿ ಹೊರಟವರ ಪಟ್ಟಿಯಲ್ಲಿ ಮೆಕ್ಕಿಯನ್ನು ಹುಡುಕಬೇಡಿ. ಬೊಂಬಾಯಿ, ಮದ್ರಾಸ್, ಕೊಲಂಬೊ ಕಡೆ ಹೊರಟ ಹಡಗುಗಳಲ್ಲಿ "ಆಯಾ" ಅಂತ ಹುಡುಕಿ, ಯಾರದೇ ಹೆಸರಿನ ಕೆಳಗಿದ್ದರೂ ಗುರುತು ಹಾಕಿಕೊಳ್ಳಿ.

ಇಂಗ್ಲೆಂಡಿನ ಜನಗಣತಿಯನ್ನೂ ನೋಡಿ. 1911ರ ಏಪ್ರಿಲ್ 2ರ ರಾತ್ರಿ ಅವರು ಅಲ್ಲಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಆ ಗಣತಿಯಲ್ಲಿ ಮನೆಯ ಯಜಮಾನ ಸ್ವಂತ ಕೈಯಲ್ಲಿ ತುಂಬಿದ ಹಾಳೆಯೇ ಉಳಿದಿದೆ, ಆಳುಗಳ ಹೆಸರನ್ನೂ ಬರೆಯಬೇಕಿತ್ತು. ಆದರೆ ಮುನಿಯಮ್ಮ ಅನ್ನುವುದು ಇಂಗ್ಲಿಷ್ ಕಿವಿಗೆ ಮೂನಿಯಾಮಾ ಆಗಿರುತ್ತದೆ, ಮೊನಿಯಾ ಆಗಿರುತ್ತದೆ. ಯಜಮಾನಿಗೆ ಬಾಯಿ ಹೊರಳದಿದ್ದರೆ ಸುಮ್ನೆ ಮೇರಿ ಅಂತಲೂ ಆಗಿರಬಹುದು. ಹೆಸರಿನ ಜಾಗ ಖಾಲಿ ಬಿಡಿ. ಹುಟ್ಟಿದ್ದು ಇಂಡಿಯಾ, ಕೆಲಸ ಆಯಾ ಅಥವಾ ನರ್ಸ್ ಅಂತ ಹಾಕಿ ಹುಡುಕಿ. ಹ್ಯಾಕ್ನಿಯ ಆ ವಿಳಾಸದ ಹಾಳೆಯನ್ನೂ ತೆಗೆದು ನೋಡಿ.

ಸಿಕ್ಕಳು ಅಂತ ಇಟ್ಟುಕೊಳ್ಳಿ. ಅವಳೇ ನಿಮ್ಮ ಮುತ್ತಜ್ಜಿ ಅಂತ ಹೇಗೆ ಗೊತ್ತು? ದೊರೆಯ ಹೆಸರು, ವರ್ಷ, ಮಕ್ಕಳು, ಈ ಮೂರೂ ನಿಮ್ಮ ಮನೆಯ ಮಾತಿಗೆ ಕೂಡಿಬರಬೇಕು. ಇಲ್ಲದಿದ್ದರೆ ಆ ಮನೆಯಲ್ಲಿದ್ದ ಇನ್ನೊಬ್ಬ ಆಯಾ ಇರಬಹುದು, ಆಯಾಗಳು ಬದಲಾಗುತ್ತಲೇ ಇದ್ದರು. ಅನುಮಾನ ಇದ್ದರೆ ವಂಶವೃಕ್ಷದಲ್ಲಿ ಜಾಗ ಖಾಲಿ ಬಿಡುವವನು ನಾನು. ಖಾಲಿ ಜಾಗದಿಂದ ಯಾರಿಗೂ ತೊಂದರೆ ಇಲ್ಲ. ತಪ್ಪು ಹೆಸರು ಹಾಕಿದರೆ ಹತ್ತು ಜನ ಅದನ್ನು ನಕಲು ಮಾಡಿ ತಮ್ಮ ಮರಕ್ಕೆ ಅಂಟಿಸಿಕೊಳ್ಳುತ್ತಾರೆ, ಆಮೇಲೆ ಅದೇ ಸಾಕ್ಷಿ ಅಂತ ನನಗೇ ಕಳಿಸುತ್ತಾರೆ.

ಮನೆಯಲ್ಲಿ ತಗಡಿನ ಡಬ್ಬಿಯೊಳಗೆ "ಚಿಟ್"ಗಳು ಇವೆಯಾ ಅಂತಲೂ ನೋಡಿ. ಕೆಲಸ ಬಿಡುವಾಗ ದೊರೆಗಳು ಬರೆದುಕೊಡುತ್ತಿದ್ದ ನಡತೆಯ ಪತ್ರಗಳು ಅವು. ಆಳಿಗೆ ಅದೇ ಆಸ್ತಿ, ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದರು. ದೊರೆಯ ಹೆಸರು, ರೆಜಿಮೆಂಟು, ಊರು, ತಾರೀಖು ಎಲ್ಲ ಒಂದೇ ಕಡೆ ಸಿಗುತ್ತದೆ. ಆದರೆ ಎಚ್ಚರ: ಚಿಟ್‌ಗಳನ್ನು ಬಾಡಿಗೆಗೆ ತರುವುದು, ಕೊಳ್ಳುವುದು, ತೀರಿಹೋದವರ ಚಿಟ್ ತೋರಿಸಿ ಕೆಲಸ ಹಿಡಿಯುವುದು ಎಲ್ಲಾ ನಡೆಯುತ್ತಿತ್ತು. ಹೊಟ್ಟೆಪಾಡು, ನಾನೇನೂ ತಪ್ಪು ಅನ್ನುವುದಿಲ್ಲ. ನಿಮ್ಮ ಡಬ್ಬಿಯಲ್ಲಿ 1870ರ ಚಿಟ್ಟೂ 1930ರ ಚಿಟ್ಟೂ ಒಬ್ಬನೇ ಬಟ್ಲರನ ಹೆಸರಲ್ಲಿದ್ದರೆ ಅದು ಅಪ್ಪ ಮಗ ಇರಬಹುದು, ಇಲ್ಲಾ ಅರ್ಧ ಚಿಟ್ ಬೇರೆಯವರದ್ದು. ಇವನ್ನು ಲ್ಯಾಮಿನೇಟ್ ಮಾತ್ರ ಮಾಡಿಸಬೇಡಿ. "ನಾವು ಲಂಡನ್ನಿನಲ್ಲಿ ವಿಚಾರಿಸುತ್ತೇವೆ" ಅನ್ನುವ ಯಾವ ಏಜೆಂಟನ ಕೈಗೂ ಮೂಲ ಪ್ರತಿ ಕೊಡಬೇಡಿ. ಫೋಟೋ ತೆಗೆದು ಕಳಿಸಿದರೆ ಸಾಕು.

ಪ್ರಶ್ನೆ: 1881ರ ಜನಗಣತಿಯಲ್ಲಿ ನಮ್ಮವರ ಹೆಸರು ತೆಗೆಸಿಕೊಡುತ್ತೇನೆ ಅಂತ ಒಬ್ಬರು ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ?

ಕೊಡಬೇಡಿ. ನಮ್ಮ ದೇಶದ ಹಳೇ ಗಣತಿಗಳ ಮನೆ ಮನೆಯ ಹಾಳೆಗಳನ್ನು ಲೆಕ್ಕ ಮುಗಿದ ಮೇಲೆ ಇಟ್ಟುಕೊಳ್ಳಲಿಲ್ಲ. ಉಳಿದದ್ದು ಅಂಕಿ ಅಂಶ, ಹೆಸರುಗಳಲ್ಲ. ಆತ ಮೋಸಗಾರ.

ಪ್ರಶ್ನೆ: ನಮ್ಮದು ಆಂಗ್ಲೋ ಇಂಡಿಯನ್ ಕುಟುಂಬ. 1820ರ ದಶಕದ ದೀಕ್ಷಾಸ್ನಾನದಲ್ಲಿ ತಂದೆಯ ಹೆಸರಿದೆ, ತಾಯಿ "ನೇಟಿವ್ ವುಮನ್" ಅಂತ ಮಾತ್ರ ಇದೆ. ಅವಳು ಅವನ ಮನೆಗೆಲಸದವಳು ಅಂತ ಹೇಳುತ್ತಾರೆ.

ಅವನ ವಿಲ್ ಹುಡುಕಿ. ಚರ್ಚಿನ ಪುಸ್ತಕದಲ್ಲಿ ಬರೆಸಲು ನಾಚಿಕೊಂಡ ಹೆಸರನ್ನು ಎಷ್ಟೋ ಅಧಿಕಾರಿಗಳು ವಿಲ್‌ನಲ್ಲಿ ಬರೆದಿದ್ದಾರೆ. ನನ್ನ ಹೌಸ್‌ಕೀಪರ್ ಇಂಥವಳಿಗೆ ತಿಂಗಳಿಗೆ ಇಷ್ಟು ರೂಪಾಯಿ, ಬಳೆ, ಮಂಚ, ಮನೆ ಅಂತ. ದುಡ್ಡು ಸರಿಯಾದ ಕೈಗೆ ಸೇರಬೇಕಲ್ಲ, ಅದಕ್ಕೆ ಹೆಸರು ಬೇಕೇ ಬೇಕು. ಇಂಡಿಯಾ ಆಫೀಸ್ ದಾಖಲೆಗಳಲ್ಲಿ "ಎಲ್/ಎಜಿ/34/29" ಸಾಲಿನಲ್ಲಿ ವಿಲ್‌ಗಳಿವೆ. ಸತ್ತ ಮೇಲೆ ಮಾಡಿದ ಸಾಮಾನಿನ ಪಟ್ಟಿಗಳು 34/27ರಲ್ಲಿ. ಮನೆಯ ಹಿರಿಯರ ಹತ್ತಿರ ಈ ವಿಷಯ ಎತ್ತುವಾಗ ಮಾತ್ರ ಸ್ವಲ್ಪ ಮೆತ್ತಗೆ ಎತ್ತಿ. ಆ ಹೆಣ್ಣಿಗೆ ಬೇಡ ಅನ್ನುವ ದಾರಿ ಎಷ್ಟಿತ್ತೋ ನಮಗೆ ಗೊತ್ತಿಲ್ಲ. ಇದನ್ನು ಪ್ರೇಮಕಥೆ ಮಾಡಿ ಹಬ್ಬದೂಟದ ಹೊತ್ತಿಗೆ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಪ್ರಶ್ನೆ: ಡಿಎನ್ಎ ಪರೀಕ್ಷೆ ಮಾಡಿಸಿದರೆ ದೊರೆ ಯಾರು ಅಂತ ತಿಳಿಯುತ್ತದೆಯೇ?

ದೊರೆಯ ಕಡೆಯ ವಂಶದವರು ಯಾರಾದರೂ ಅದೇ ಕಂಪನಿಯಲ್ಲಿ ಪರೀಕ್ಷೆ ಮಾಡಿಸಿ, ನಿಮ್ಮ ಜೊತೆ ತಾಳೆ ಬಂದರೆ ಸುಳಿವು ಸಿಗಬಹುದು. ವರದಿಯಲ್ಲಿ ಬರುವ "ಇಷ್ಟು ಶೇಕಡ ಸ್ಕಾಟಿಷ್" ಅನ್ನುವುದು ಅಂದಾಜು, ಅದನ್ನು ಫ್ರೇಮ್ ಹಾಕಿಸಬೇಡಿ. ನೀವು ಕೊಡುವ ಉಗುಳಿನಲ್ಲಿ ನಿಮ್ಮ ಅಣ್ಣ ತಮ್ಮಂದಿರ ಗುಟ್ಟೂ ಇರುತ್ತದೆ, ಅವರನ್ನು ಕೇಳಿ ಮಾಡಿಸಿ.

ಪ್ರಶ್ನೆ: ನಾಡಿ ಜ್ಯೋತಿಷ್ಯದವರು ಮುತ್ತಜ್ಜನ ಹೆಸರು ಹೇಳುತ್ತಾರಂತೆ.

ಮುಂದಿನ ಪ್ರಶ್ನೆ.

ಪ್ರಶ್ನೆ: ತಾತನ ಅಣ್ಣ ಮೊದಲ ಮಹಾಯುದ್ಧದಲ್ಲಿ ಸೈನ್ಯದ ಅಡುಗೆಯವನಾಗಿ ಮೆಸೊಪೊಟೇಮಿಯಾಕ್ಕೆ ಹೋದವನು ಬರಲೇ ಇಲ್ಲ.

ಅಲ್ಲೇ ತೀರಿಕೊಂಡಿದ್ದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಿನಲ್ಲಿ ನೋಡಿ, ಪುಕ್ಕಟೆ. ಸಿಪಾಯಿಗಳಷ್ಟೇ ಅಲ್ಲ, ಅಡುಗೆಯವರು, ಸೈಸ್‌ಗಳು, ಕೂಲಿಗಳು ಕೂಡ ಅಲ್ಲಿದ್ದಾರೆ. ಕೆಲವರಿಗೆ ತಂದೆಯ ಹೆಸರು, ಊರು ಸಮೇತ. ಕಾಗುಣಿತ ಮಾತ್ರ ದೇವರಿಗೇ ಪ್ರೀತಿ.

ಪ್ರಶ್ನೆ: ನಮ್ಮವರು ದೊರೆ ಮನೆ ಆಳಲ್ಲ, ಊರಿನ ತೋಟಿ. ನಮಗೇನಾದರೂ ದಾಖಲೆ ಇದೆಯೇ?

ನಿಮಗೇ ಜಾಸ್ತಿ ಇದೆ ಅಂದರೆ ನಂಬುತ್ತೀರಾ? ತೋಟಿ, ತಳವಾರ, ನೀರಗಂಟಿ ಇವರಿಗೆ ಊರಿನ ಚಾಕರಿಗಾಗಿ ಇನಾಂ ಜಮೀನು ಇರುತ್ತಿತ್ತು. ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ 1961ರಲ್ಲಿ ಬಂದು ಆ ಜಮೀನುಗಳನ್ನು ಅದೇ ಕುಟುಂಬಗಳಿಗೆ ಮರುಮಂಜೂರು ಮಾಡಿದರು. ಹಕ್ಕುದಾರ ಯಾರು ಅಂತ ತೋರಿಸಬೇಕಿತ್ತಲ್ಲ, ಹಾಗಾಗಿ ಆ ಕಡತಗಳಲ್ಲಿ ವಂಶವೃಕ್ಷ ಸಿಗುವ ಸಾಧ್ಯತೆ ಚೆನ್ನಾಗಿದೆ. ಸರ್ವೆ ನಂಬರ್ ಹಿಡಿದುಕೊಂಡು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಿ. "ಹಳೇ ಕಡತ ಇಲ್ಲ" ಅಂತ ಬಾಯಲ್ಲಿ ಹೇಳಿದರೆ ಒಪ್ಪಬೇಡಿ. ಅರ್ಜಿ ಕೊಟ್ಟು, ಇಲ್ಲ ಅನ್ನುವುದನ್ನೂ ಬರವಣಿಗೆಯಲ್ಲೇ ಕೇಳಿ. ಬರೆದುಕೊಡಬೇಕು ಅಂದ ತಕ್ಷಣ ಎಷ್ಟೋ ಕಡತಗಳು ಸಿಕ್ಕಿಬಿಡುತ್ತವೆ.