ವಿಷವಿಲ್ಲದ ಕಿಂಗ್‌ಸ್ನೇಕ್ ವಿಷದ ಹಾವನ್ನು ಹೇಗೆ ತಿನ್ನುತ್ತದೆ? ಬೆಂಗಳೂರಿನ ಸುತ್ತ ಇದು ಇದೆಯೇ?

ಎರಡನೆಯದಕ್ಕೆ ಮೊದಲು ಉತ್ತರ: ಇಲ್ಲ. ಕಿಂಗ್‌ಸ್ನೇಕ್ ಅಮೆರಿಕ ಖಂಡಗಳ ಹಾವು. ಆಗುಂಬೆಯ ಕಾಳಿಂಗಕ್ಕೂ ಇದಕ್ಕೂ ಹತ್ತಿರದ ನಂಟಿಲ್ಲ. ಕಾಳಿಂಗ ವಿಷದಿಂದ ಕೊಲ್ಲುತ್ತದೆ, ಇದು ಹಿಸುಕಿ.

ರ‍್ಯಾಟಲ್‌ಸ್ನೇಕ್ (ಬಾಲ ಅಲುಗಿಸಿ ಸದ್ದು ಮಾಡುವ ಅಮೆರಿಕದ ವಿಷದ ಹಾವು) ಸಿಕ್ಕರೆ ತಲೆ ಇಲ್ಲವೇ ಕುತ್ತಿಗೆಯ ಬಳಿ ಕಚ್ಚಿ ಹಿಡಿದು, ಸ್ಪ್ರಿಂಗಿನಂತೆ ಒತ್ತೊತ್ತಾಗಿ ಸುತ್ತಿಕೊಳ್ಳುತ್ತದೆ. ಅಷ್ಟೇ ಗಾತ್ರದ ಅಮೆರಿಕದ ಇಲಿಹಾವಿಗಿಂತ ಇದರ ಹಿಡಿತ ಬಿಗಿ. ಮಾಂಸಖಂಡ ಹೆಚ್ಚಿದೆ ಎಂದಲ್ಲ, ಸುರುಳಿ ಹಾಕುವ ರೀತಿಯೇ ಬೇರೆ. ನಡುವೆ ಕಡಿತ ಬಿದ್ದರೂ ರಕ್ತದಲ್ಲಿರುವ ಅಂಶಗಳು ರ‍್ಯಾಟಲ್‌ಸ್ನೇಕಿನ ವಿಷವನ್ನು ಬಹುಮಟ್ಟಿಗೆ ನಿಷ್ಕ್ರಿಯಗೊಳಿಸುತ್ತವೆ. ಎಲ್ಲ ಹಾವಿನ ವಿಷಕ್ಕೂ ಈ ರಕ್ಷಣೆ ಇದೆ ಎಂದುಕೊಳ್ಳಬೇಡಿ.

ರ‍್ಯಾಟಲ್‌ಸ್ನೇಕಿಗೂ ಇದು ಗೊತ್ತು ಅನ್ನಿಸುತ್ತದೆ. ಕಿಂಗ್‌ಸ್ನೇಕಿನ ವಾಸನೆ ಬಡಿದರೆ ತಲೆ ಎತ್ತಿ ಕಚ್ಚುವ ಬದಲು ತಲೆಯನ್ನು ನೆಲಕ್ಕೊತ್ತಿ, ಮೈಯ ನಡುಭಾಗವನ್ನು ಕಮಾನಿನಂತೆ ಎತ್ತಿ ಅದರಿಂದಲೇ ಹೊಡೆಯುತ್ತದೆ.

ನುಂಗುವುದು ಸಾಮಾನ್ಯವಾಗಿ ತಲೆಯಿಂದ. ತನಗಿಂತ ಉದ್ದದ ಹಾವನ್ನೂ ಒಳಗೆ ಹಿಡಿಸಿಕೊಳ್ಳಬಲ್ಲದು: ಬೇಟೆಯ ಬೆನ್ನೆಲುಬು ಅಲೆ ಅಲೆಯಾಗಿ ಮಡಚಿಕೊಂಡು ಹೊಟ್ಟೆಯಲ್ಲಿ ಕೂರುತ್ತದೆ. ಇಲಿ, ಹಲ್ಲಿ, ಮೊಟ್ಟೆಗಳೂ ಇದರ ಆಹಾರವೇ.

ನಮ್ಮಲ್ಲಿ ಹಾವು ತಿನ್ನುವ ಹಾವುಗಳಲ್ಲಿ ಒಂದು ವಿಷದ ಕಟ್ಟುಹಾವು (ಕ್ರೇಟ್). ಕಪ್ಪು ಮೈ, ತೆಳು ಬಿಳಿ ಪಟ್ಟಿ, ರಾತ್ರಿ ಸಂಚಾರ. ಕಡಿತ ಅಷ್ಟಾಗಿ ನೋಯುವುದಿಲ್ಲ, ಅದಕ್ಕೇ ಜನ ಆಸ್ಪತ್ರೆಗೆ ಹೋಗಲು ತಡ ಮಾಡುತ್ತಾರೆ. ಪಟ್ಟಿ ಇರುವ ಹಾವು ಮನೆಗೆ ಬಂದರೆ ದೂರ ನಿಂತು ಕಣ್ಣಿಟ್ಟು, ಹಾವು ಹಿಡಿಯುವವರಿಗೆ ಫೋನ್ ಮಾಡಿ. ಕಚ್ಚಿದ್ದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಕೈಕಾಲು ಅಲುಗಾಡಿಸದೆ ಆಂಟಿವೆನಮ್ ಇರುವ ಆಸ್ಪತ್ರೆಗೆ ತಕ್ಷಣ ಹೋಗಿ.