ಸರ್ಕಾರಿ ಆಸ್ಪತ್ರೆಯ ಲೆಕ್ಕ: ಯಾವ ಕಾಗದವನ್ನು ಯಾರ ಬಳಿ ಕೇಳಬೇಕು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಊರಿನ ಸರ್ಕಾರಿ ಆಸ್ಪತ್ರೆಯ ಔಷಧ, ಹಣ ಮತ್ತು ಸಿಬ್ಬಂದಿಯ ಬಗ್ಗೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಶುಗರ್ ಮಾತ್ರೆ ಕೇಳಿದಾಗಲೆಲ್ಲ ‘ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’ ಎಂದು ಚೀಟಿ ಬರೆದುಕೊಡುತ್ತಾರೆ. ಮಾತ್ರೆ ಬರುವುದೇ ಇಲ್ಲವೋ, ಬಂದದ್ದು ಬೇರೆಲ್ಲಿಗೋ ಹೋಗುತ್ತದೋ, ತಿಳಿಯುವುದು ಹೇಗೆ?
– ಓದುಗರು, ಕೂಡ್ಲಿಗಿ ತಾಲ್ಲೂಕು

ಎರಡೂ ಇರಬಹುದು. ಮೂರನೆಯದೊಂದು ಕಾರಣವೂ ಇದೆ, ಅದೇ ಹೆಚ್ಚು: ಬೇಡಿಕೆಯನ್ನೇ ಕಡಿಮೆ ಬರೆದಿರುತ್ತಾರೆ.

ಕೇಂದ್ರದ ಫಾರ್ಮಸಿ ಅಧಿಕಾರಿ ವರ್ಷಕ್ಕೆ ಬೇಕಾಗುವ ಔಷಧಗಳ ಪಟ್ಟಿ ಕಳಿಸುತ್ತಾರೆ. ಎಲ್ಲ ಕೇಂದ್ರಗಳ ಪಟ್ಟಿ ಒಟ್ಟುಗೂಡಿದ ಮೇಲೆ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಟೆಂಡರ್ ಕರೆಯುತ್ತದೆ. ಮಾಲು ನಿಗಮದ ಉಗ್ರಾಣಕ್ಕೆ ಬಂದು, ಗುಣಮಟ್ಟದ ವರದಿ ಬಂದ ಬಳಿಕ ನಿಮ್ಮ ಕೇಂದ್ರಕ್ಕೆ ಇಳಿಯುತ್ತದೆ. ಈ ದಾರಿಯಲ್ಲಿ ಮೊದಲು ಎಡವುವುದು ಪಟ್ಟಿಯಲ್ಲೇ. ಮೆಟ್‌ಫಾರ್ಮಿನ್ ದಿನಕ್ಕೆ ಎರಡು ನುಂಗುವ ರೋಗಿಗೆ ತಿಂಗಳಿಗೆ 60 ಮಾತ್ರೆ ಬೇಕು. ಅಂಥವರು 200 ಮಂದಿ ಇದ್ದರೆ ತಿಂಗಳಿಗೆ 12,000, ವರ್ಷಕ್ಕೆ 1,44,000. 30 ವರ್ಷ ದಾಟಿದವರನ್ನೆಲ್ಲ ತಪಾಸಣೆ ಮಾಡುವ ಕಾರ್ಯಕ್ರಮ ಬಂದ ಮೇಲೆ ಹೊಸ ರೋಗಿಗಳ ಹೆಸರು ವಹಿಯಲ್ಲಿ ಏರುತ್ತಲೇ ಇದೆ. ಬೇಡಿಕೆ ಮಾತ್ರ ಹಿಂದಿನ ವರ್ಷದ ಅಂಕಿಗೆ ಒಂದಿಷ್ಟು ಸೇರಿಸಿ ಹೋದರೆ ಆರನೇ ತಿಂಗಳಿಗೇ ಕಪಾಟು ಖಾಲಿ. ಇದರಲ್ಲಿ ಕಳ್ಳತನವಿಲ್ಲ, ಆದರೆ ಹೊಣೆ ಇದೆ.

ಹಾಗಾಗಿ ‘ಔಷಧ ಏಕೆ ಇಲ್ಲ?’ ಎಂದು ಕೇಳಬೇಡಿ. ಮಾಹಿತಿ ಹಕ್ಕಿನಲ್ಲಿ ‘ಏಕೆ’ಗೆ ಉತ್ತರ ಕೊಡುವ ಕಟ್ಟುಪಾಡು ಅಧಿಕಾರಿಗೆ ಇಲ್ಲ; ಇರುವ ದಾಖಲೆ ಕೊಡುವುದಷ್ಟೇ ಅವರ ಕೆಲಸ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದ ಮೀರದಂತಿರಬೇಕು, ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡಿನ ಪ್ರತಿ ಲಗತ್ತಿಸಿದರೆ ಶುಲ್ಕವಿಲ್ಲ. ಹೀಗೆ ಬರೆಯಿರಿ:

‘ಈ ಕೇಂದ್ರಕ್ಕೆ ಸಂಬಂಧಿಸಿದಂತೆ ಕಳೆದ ಆರ್ಥಿಕ ವರ್ಷದಲ್ಲಿ ಅಮ್ಲೋಡಿಪಿನ್ 5 ಮಿ.ಗ್ರಾಂ. ಮತ್ತು ಮೆಟ್‌ಫಾರ್ಮಿನ್ 500 ಮಿ.ಗ್ರಾಂ. ಮಾತ್ರೆಗಳ (1) ವಾರ್ಷಿಕ ಬೇಡಿಕೆ ಪಟ್ಟಿ, (2) ಉಗ್ರಾಣದಿಂದ ಬಂದ ಸರಬರಾಜು ಚೀಟಿಗಳು, (3) ದಾಸ್ತಾನು ವಹಿಯ ಪುಟಗಳು, (4) ಅವಧಿ ಮೀರಿದ ಔಷಧಗಳ ಪಟ್ಟಿ, (5) ಸ್ಥಳೀಯವಾಗಿ ಕೊಂಡಿದ್ದರೆ ಅದರ ಬಿಲ್ಲುಗಳು – ಇವುಗಳ ದೃಢೀಕೃತ ಪ್ರತಿ ನೀಡಬೇಕು.’

ಇಡೀ ಔಷಧಾಲಯದ ಲೆಕ್ಕ ಕೇಳಿದರೆ ನೂರಾರು ಪುಟಗಳಾಗುತ್ತವೆ, ಪುಟಕ್ಕೆ 2 ರೂಪಾಯಿ ಕಟ್ಟಬೇಕು. ‘ಕಚೇರಿಯ ಕೆಲಸಕ್ಕೆ ಅಡ್ಡಿ’ ಎಂಬ ನೆಪವೂ ಸಿಗುತ್ತದೆ. ಎರಡು ಔಷಧ ಸಾಕು, ಗುಟ್ಟು ಅಲ್ಲೇ ರಟ್ಟಾಗುತ್ತದೆ.

ಕಾಗದ ಕೈಗೆ ಬಂದ ಮೇಲೆ ಮೂರು ಕಡೆ ಬೆರಳಿಡಿ. ಬೇಡಿಕೆಗೂ ಸರಬರಾಜಿಗೂ ದೊಡ್ಡ ಅಂತರವಿದ್ದರೆ ತಪ್ಪು ಮೇಲಿನದು, ಕೇಂದ್ರದವರ ಮೇಲೆ ಕೂಗಾಡಿ ಫಲವಿಲ್ಲ. ಉಗ್ರಾಣದ ಚೀಟಿಯಲ್ಲಿರುವ ಸಂಖ್ಯೆ ಕೇಂದ್ರದ ವಹಿಯಲ್ಲಿ ಕಾಣದಿದ್ದರೆ ನೇರವಾಗಿ ತಾಲ್ಲೂಕು ಆರೋಗ್ಯಾಧಿಕಾರಿಗೆ ಲಿಖಿತ ದೂರು ಕೊಡಿ. ನಿಮಗೆ ‘ಸ್ಟಾಕ್ ಇಲ್ಲ’ ಎಂದ ದಿನವೇ ವಹಿಯಲ್ಲಿ ಸಾವಿರಾರು ಮಾತ್ರೆ ಉಳಿಕೆ ಇದ್ದರೆ, ಆವತ್ತಿನ ತಾರೀಖಿರುವ ಹೊರಚೀಟಿಯೇ ನಿಮ್ಮ ಸಾಕ್ಷಿ. ಆ ಚೀಟಿಯನ್ನು ಮೆಡಿಕಲ್ ಶಾಪಿನಲ್ಲೇ ಬಿಟ್ಟು ಬರುವವರೇ ಹೆಚ್ಚು. ಫೋಟೊ ಆದರೂ ತೆಗೆದಿಟ್ಟುಕೊಳ್ಳಿ. ಇನ್ನೊಂದು ಸುಳಿವು: ವಿತರಣೆಯ ಕಾಲಂನಲ್ಲಿ ದಿನವೂ 500, 500, 500 ಎಂದು ದುಂಡು ಅಂಕಿಗಳೇ ಇದ್ದರೆ ಅದು ಕೂತಲ್ಲೇ ತುಂಬಿದ ವಹಿ. ಅದೇ ದಿನಗಳ ಹೊರರೋಗಿ ವಹಿಯ ಒಟ್ಟು ಸಂಖ್ಯೆ ಕೇಳಿ ತಾಳೆ ನೋಡಿ. ರೋಗಿಗಳ ಹೆಸರು ಕೊಡುವುದಿಲ್ಲ, ಕೊಡಲೂಬಾರದು.

ಆರೋಗ್ಯ ರಕ್ಷಾ ಸಮಿತಿಗೆ ಎಷ್ಟು ಹಣ ಬರುತ್ತದೆ? ಕೇಳಿದರೆ ‘ಖಾತೆಯಲ್ಲಿ ದುಡ್ಡೇ ಇಲ್ಲ’ ಎನ್ನುತ್ತಾರೆ.
– ಗ್ರಾಮ ಪಂಚಾಯಿತಿ ಸದಸ್ಯೆ, ಅರಸೀಕೆರೆ ತಾಲ್ಲೂಕು

ಆಸ್ಪತ್ರೆಯ ನಿರ್ವಹಣೆ, ಖರ್ಚು ನೋಡಿಕೊಳ್ಳುವುದು ಈ ಸಮಿತಿ. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟಕ್ಕೆ ಮೊದಲಿನಿಂದ ಬಂದ ಲೆಕ್ಕ ವರ್ಷಕ್ಕೆ 1.75 ಲಕ್ಷ ರೂಪಾಯಿ: ಸಮಿತಿಯ ನಿಧಿ 1 ಲಕ್ಷ, ಕಟ್ಟಡ ನಿರ್ವಹಣೆಗೆ 50 ಸಾವಿರ, ಮುಕ್ತ ನಿಧಿ (ಇಂಥದ್ದಕ್ಕೇ ಎಂದು ಕಟ್ಟಿಡದ ಹಣ) 25 ಸಾವಿರ. ಸಮುದಾಯ ಆರೋಗ್ಯ ಕೇಂದ್ರಕ್ಕೆ 5 ಲಕ್ಷ, ಜಿಲ್ಲಾಸ್ಪತ್ರೆಗೆ 10 ಲಕ್ಷ. ಹಿಂದಿನ ವರ್ಷ ಖರ್ಚಾಗದೆ ಉಳಿದಿದ್ದರೆ ಈ ವರ್ಷ ಅಷ್ಟು ಕಡಿಮೆ ಬರಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆಸ್ಪತ್ರೆ ಮಾಡಿದ ಚಿಕಿತ್ಸೆಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನಿಂದ ಬರುವ ಹಣ ಇದಕ್ಕೆ ಹೊರತಾದದ್ದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಅದೇ ದೊಡ್ಡ ಗಂಟು, ಆದರೆ ಅದರ ಬಗ್ಗೆ ಕೇಳುವವರೇ ಇಲ್ಲ.

‘ಖಾತೆಯಲ್ಲಿ ದುಡ್ಡಿಲ್ಲ’ ಎಂಬುದು ಅಕ್ಷರಶಃ ನಿಜವೂ ಹೌದು. 2021ರ ಜುಲೈನಿಂದ ಕೇಂದ್ರ ಸರ್ಕಾರದ ಯೋಜನೆಗಳ ಹಣ ರಾಜ್ಯ ಮಟ್ಟದ ಒಂದೇ ಖಾತೆಯಲ್ಲಿ ಉಳಿಯುವ ವ್ಯವಸ್ಥೆ ಬಂತು. ಕೆಳಗಿನ ಕಚೇರಿಗಳದ್ದು ಶೂನ್ಯ ಉಳಿಕೆಯ ಖಾತೆ. ಅವಕ್ಕೆ ಖರ್ಚಿನ ಮಿತಿ ಮಾತ್ರ ಸಿಗುತ್ತದೆ. ಬಿಲ್ ಪಾಸಾದಾಗ ಹಣ ಮೇಲಿನಿಂದ ನೇರ ಅಂಗಡಿಯವನಿಗೆ ಹೋಗುತ್ತದೆ. ಆದ್ದರಿಂದ ಪಾಸ್‌ಬುಕ್ ಕೇಳಿ ಉಪಯೋಗವಿಲ್ಲ. ‘ಈ ವರ್ಷ ನಿಗದಿಯಾದ ಮಿತಿ ಎಷ್ಟು, ಯಾವ ತಾರೀಖು ಬಂತು, ಎಷ್ಟು ಬಳಸಿದಿರಿ’ ಎಂದು ಕೇಳಿ. ಮಿತಿ ಫೆಬ್ರುವರಿಯಲ್ಲಿ ಬಂದು ಮಾರ್ಚ್ 31ಕ್ಕೆ ಮುಗಿಯುವುದುಂಟು. ಆಗಲೇ ಗಡಿಬಿಡಿಯಲ್ಲಿ ಸುಣ್ಣಬಣ್ಣ, ಸ್ಟೇಷನರಿ, ಬ್ಲೀಚಿಂಗ್ ಪೌಡರಿನ ಬಿಲ್ಲುಗಳು ಸಾಲುಗಟ್ಟುವುದು.

ನೀವು ನೋಡಬೇಕಾದವು: ಸಮಿತಿಯ ನಡಾವಳಿ ಪುಸ್ತಕ, ಕ್ಯಾಶ್ ಬುಕ್, ವೋಚರುಗಳು, ಹಣ ಬಳಕೆ ಪ್ರಮಾಣಪತ್ರ, ಲೆಕ್ಕ ಪರಿಶೋಧನಾ ವರದಿ. ಬಳಕೆ ಪ್ರಮಾಣಪತ್ರವನ್ನೊಂದೇ ನಂಬಬೇಡಿ. ಮುಂಗಡ ಕೊಟ್ಟು ಕೆಲಸವೇ ಆಗದ ಹಣವೂ ಅದರಲ್ಲಿ ‘ಖರ್ಚು’ ಎಂದು ಕೂತಿರಬಹುದು. ಒಂದು ಖರೀದಿಯನ್ನು ಆರಿಸಿಕೊಂಡು ಕೊನೆಯವರೆಗೆ ಬೆನ್ನುಹತ್ತಿ. ಉದಾಹರಣೆಗೆ ಯುಪಿಎಸ್: ಕೊಳ್ಳಬೇಕೆಂಬ ನಿರ್ಣಯ ಯಾವ ಸಭೆಯದು? ಮೂರು ಕೊಟೇಶನ್ ಮೂರು ಅಂಗಡಿಗಳವೇ, ಅಥವಾ ಒಂದೇ ಅಚ್ಚಿನಲ್ಲಿ ಒಂದೇ ಕಾಗುಣಿತದ ತಪ್ಪಿನೊಂದಿಗೆ ಇವೆಯೇ? ದಾಸ್ತಾನು ವಹಿಯಲ್ಲಿ ಕ್ರಮಸಂಖ್ಯೆ ಏರಿದೆಯೇ? ವಸ್ತು ಕೋಣೆಯಲ್ಲಿದೆಯೇ? ಟೆಂಡರ್ ತಪ್ಪಿಸಲು ಒಂದೇ ಖರೀದಿಯನ್ನು ಒಂದೇ ವಾರದಲ್ಲಿ ನಾಲ್ಕು ಬಿಲ್ಲುಗಳಾಗಿ ಒಡೆಯುವುದು ಹಳೆಯ ಚಾಳಿ. ತಾರೀಖುಗಳನ್ನು ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಬೀಳುತ್ತದೆ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೂ ಹಣ ಬರುತ್ತದಂತೆ, ಹೌದೆ?
– ಆಶಾ ಕಾರ್ಯಕರ್ತೆ, ಹುಣಸೂರು ತಾಲ್ಲೂಕು

ಹೌದು, ಮಾರ್ಗಸೂಚಿಯಂತೆ ವರ್ಷಕ್ಕೆ 10,000 ರೂಪಾಯಿವರೆಗೆ. ನೀವೇ ಸದಸ್ಯ ಕಾರ್ಯದರ್ಶಿ. ಸಭೆ ತಿಂಗಳಿಗೊಮ್ಮೆ. ಅಧ್ಯಕ್ಷರೊಂದಿಗೆ ನಿಮ್ಮ ಸಹಿಯೂ ಬೀಳುವುದರಿಂದ ನಾಳೆ ಆಡಿಟ್‌ನಲ್ಲಿ ಪ್ರಶ್ನೆ ನಿಮ್ಮತ್ತಲೂ ಬರುತ್ತದೆ. ಖಾಲಿ ಚೆಕ್ಕಿಗಾಗಲಿ ಖಾಲಿ ವೋಚರಿಗಾಗಲಿ ಸಹಿ ಹಾಕಬೇಡಿ. ಸಭೆಯಲ್ಲಿ ಖರ್ಚನ್ನು ಓದಿ ಹೇಳಿ, ನಡಾವಳಿಯಲ್ಲಿ ಹಾಜರಿದ್ದವರ ಸಹಿ ತೆಗೆದುಕೊಳ್ಳಿ.

ಬೋರ್ಡಿನಲ್ಲಿ ಡಾಕ್ಟರ ಹೆಸರಿದೆ, ಸಂಬಳವೂ ಆಗುತ್ತಿದೆಯಂತೆ. ವಾರಕ್ಕೆ ಎರಡು ದಿನ ಬೇರೆ ಊರಿನ ಡಾಕ್ಟರು ಬಂದು ಹೋಗುತ್ತಾರೆ. ನಮ್ಮವರು ಎಲ್ಲಿ?
– ಓದುಗರು, ಸಿಂದಗಿ ತಾಲ್ಲೂಕು

ಬಹುಮಟ್ಟಿಗೆ ನಿಯೋಜನೆ ಅಥವಾ ಓಓಡಿ (ಅನ್ಯ ಕರ್ತವ್ಯ) ಮೇಲೆ ಪಟ್ಟಣದ ಆಸ್ಪತ್ರೆಯಲ್ಲೋ ಕಚೇರಿಯಲ್ಲೋ ಇರುತ್ತಾರೆ. ಹುದ್ದೆ ನಿಮ್ಮೂರಿನದು, ಸಂಬಳ ನಿಮ್ಮೂರಿನ ಹುದ್ದೆಯ ಮೇಲೆ, ಕೆಲಸ ಮಾತ್ರ ಬೇರೆಡೆ. ಇದರ ನಿಜವಾದ ಕೇಡು ಏನೆಂದರೆ, ಕಾಗದದಲ್ಲಿ ಹುದ್ದೆ ‘ಭರ್ತಿ’ ಎಂದಿರುವವರೆಗೆ ಖಾಲಿ ಹುದ್ದೆಗಳ ಪಟ್ಟಿಯಲ್ಲಿ ನಿಮ್ಮೂರು ಕಾಣುವುದೇ ಇಲ್ಲ. ಹೊಸ ನೇಮಕವಾದಾಗಲೂ ನಿಮಗೆ ಪಾಲಿಲ್ಲ. ಶಾಸಕರು ಸದನದಲ್ಲಿ ಪ್ರಶ್ನೆ ಕೇಳಿದರೂ ಬರುವ ಉತ್ತರ ‘ಹುದ್ದೆ ಭರ್ತಿಯಾಗಿದೆ’ ಎಂದೇ.

ಕೇಳಬೇಕಾದದ್ದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ: ಮಂಜೂರಾದ, ಭರ್ತಿಯಾದ, ಖಾಲಿ ಇರುವ ಹುದ್ದೆಗಳ ತಃಖ್ತೆ, ನಿಯೋಜನೆ ಆದೇಶದ ಪ್ರತಿ, ಆರು ತಿಂಗಳ ಹಾಜರಿ, ಎಚ್‌ಆರ್‌ಎಂಎಸ್‌ನಲ್ಲಿ (ಸರ್ಕಾರಿ ನೌಕರರ ಸಂಬಳದ ಕಂಪ್ಯೂಟರ್ ವ್ಯವಸ್ಥೆ) ಸಂಬಳ ಸೆಳೆದ ಕಚೇರಿಯ ವಿವರ. ಆದೇಶದಲ್ಲಿ ಅವಧಿ ಎಷ್ಟೆಂದು ನೋಡಿ. ‘ಮುಂದಿನ ಆದೇಶದವರೆಗೆ’ ಎಂದಿದ್ದರೆ ಅದು ವರ್ಷಗಟ್ಟಲೆ ಎಳೆಯುವ ನಿಯೋಜನೆ. ಅವಧಿ ಮುಗಿದಿದ್ದರೆ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಆ ಪ್ರತಿಯನ್ನೇ ಲಗತ್ತಿಸಿ ರದ್ದತಿಗೆ ಬರೆಯಿರಿ. ಗ್ರಾಮಸಭೆಯ ನಿರ್ಣಯ ಜೊತೆಗಿದ್ದರೆ ಕಡತಕ್ಕೆ ತೂಕ ಬರುತ್ತದೆ.

ಹೆರಿಗೆ ವಾರ್ಡಿನಲ್ಲಿ ‘ಗಂಡು ಮಗು, ಇಷ್ಟು ಕೊಡಿ’ ಎಂದು ವಸೂಲಿ ಮಾಡಿದರು. ಕೊಟ್ಟ ನಾವೂ ತಪ್ಪಿತಸ್ಥರೇ?
– ಹೆಸರು ಬೇಡ, ಕೊಪ್ಪಳ ಜಿಲ್ಲೆ

2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಲಂಚ ಕೊಡುವುದೂ ಅಪರಾಧವೇ. ಆದರೆ ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಆ ಕಲಂ ಅನ್ವಯಿಸುವುದಿಲ್ಲ. ಆದ್ದರಿಂದ ಡಿಸ್ಚಾರ್ಜ್ ಆಗಿ ಬಾಣಂತನ ಮುಗಿಯಲಿ ಎಂದು ಕಾಯಬೇಡಿ. ರಾಜ್ಯದಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) 2022ರಲ್ಲಿ ಹೈಕೋರ್ಟ್ ತೀರ್ಪಿನಿಂದ ರದ್ದಾಗಿದೆ. ಈಗ ಹೋಗಬೇಕಾದದ್ದು ಲೋಕಾಯುಕ್ತ ಪೊಲೀಸ್ ಠಾಣೆಗೆ. ಲೋಕಾಯುಕ್ತರಿಗೇ ದೂರು ಕೊಡುವುದಾದರೆ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ (ಅಫಿಡವಿಟ್) ಬೇಕು.

2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ ಎಲ್ಲವೂ ಉಚಿತ. ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ ಊಟ. ಮನೆಗೆ ಬಿಡಲು ನಗು–ಮಗು ವಾಹನ. ಎಪಿಎಲ್, ಬಿಪಿಎಲ್ ಭೇದವಿಲ್ಲ. ಹೊರಗಿನಿಂದ ಔಷಧ ತರಿಸಿದ್ದರೆ ಚೀಟಿ ಮತ್ತು ಬಿಲ್ ಎರಡನ್ನೂ ಲಗತ್ತಿಸಿ ಹಣ ಮರಳಿಸುವಂತೆ ಆಡಳಿತ ವೈದ್ಯಾಧಿಕಾರಿಗೆ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಸಹಾಯವಾಣಿ 104ಕ್ಕೂ, ಜನಸ್ಪಂದನದ 1902ಕ್ಕೂ ಕರೆ ಮಾಡಬಹುದು. ದೂರಿನ ಸಂಖ್ಯೆ ಬರೆದುಕೊಳ್ಳದಿದ್ದರೆ ಆ ಕರೆ ಮಾಡಿಯೂ ಮಾಡದಂತೆ.

ಬಳ್ಳಾರಿ ಬಾಣಂತಿಯರ ಸಾವಿನ ನಂತರ ಗ್ಲುಕೋಸ್ ಬಾಟಲಿ ಎಂದರೇ ಭಯ. ನಾವೇನು ನೋಡಬೇಕು?
– ಓದುಗರು, ಸಂಡೂರು

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ ಸಂಶಯ ಬಿದ್ದದ್ದು ರಕ್ತನಾಳಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಬಾಟಲಿಯನ್ನು ಕಣ್ಣಲ್ಲಿ ನೋಡಿ ಗುಣಮಟ್ಟ ಹೇಳಲಾಗದು; ತೇಲುವ ಕಣ, ಮಸುಕು, ಸೋರಿಕೆ ಕಂಡರೆ ಮಾತ್ರ ತಕ್ಷಣ ನರ್ಸ್‌ಗೆ ತೋರಿಸಿ. ಲೇಬಲ್ಲಿನಲ್ಲಿರುವ ಬ್ಯಾಚ್ ಸಂಖ್ಯೆಯ ಫೋಟೊ ಇದ್ದರೆ ಮುಂದೆ ನೆರವಾಗುತ್ತದೆ. ತನಿಖೆ ನಿಲ್ಲುವುದು ಬ್ಯಾಚ್ ಸಂಖ್ಯೆಯ ಮೇಲೆಯೇ: ಯಾವ ಬ್ಯಾಚ್ ಯಾವ ಉಗ್ರಾಣದಿಂದ ಯಾವ ತಾರೀಖು ಬಂತು, ಅದರ ಪ್ರಯೋಗಾಲಯ ವರದಿ ಎಲ್ಲಿ, ತಡೆಹಿಡಿಯುವ ಆದೇಶ ಯಾವಾಗ ವಾರ್ಡಿಗೆ ಮುಟ್ಟಿತು. ಆದೇಶದ ತಾರೀಖಿಗೂ ವಾರ್ಡಿನ ವಹಿಯಲ್ಲಿ ಬಳಕೆ ನಿಂತ ತಾರೀಖಿಗೂ ನಡುವಿನ ದಿನಗಳೇ ಹೊಣೆಗಾರಿಕೆಯ ಅಳತೆ.

ಜಿಲ್ಲಾಸ್ಪತ್ರೆಯ ಬಗ್ಗೆ ಜಿಲ್ಲಾ ಆರೋಗ್ಯಾಧಿಕಾರಿಗೆ ಅರ್ಜಿ ಹಾಕಿದೆ. ‘ನಮಗೆ ಸಂಬಂಧಿಸಿದ್ದಲ್ಲ’ ಎಂದರು. 40 ದಿನವಾಯಿತು.
– ಓದುಗರು, ಹಾಸನ

ನಿಮ್ಮ ಜಿಲ್ಲಾಸ್ಪತ್ರೆಯಂತೆ ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆ ವೈದ್ಯಕೀಯ ಶಿಕ್ಷಣ ಇಲಾಖೆಯ ಕೆಳಗೆ ಬರುತ್ತದೆ. ಅದರ ಮಾಹಿತಿ ಅಧಿಕಾರಿ ಬೇರೆ, ಉತ್ತರದಾಯಿ ಆ ಸಂಸ್ಥೆಯ ನಿರ್ದೇಶಕರು. ಆದರೆ ಅರ್ಜಿಯನ್ನು ಹಾಗೇ ಕೈಬಿಡುವಂತಿಲ್ಲ: ಮಾಹಿತಿ ಹಕ್ಕು ಕಾಯ್ದೆಯ ಕಲಂ 6(3)ರಂತೆ 5 ದಿನದೊಳಗೆ ಸಂಬಂಧಿಸಿದ ಕಚೇರಿಗೆ ಅವರೇ ವರ್ಗಾಯಿಸಬೇಕಿತ್ತು. ಉತ್ತರಕ್ಕೆ 30 ದಿನ. ಜೀವದ ಪ್ರಶ್ನೆಯಾದರೆ 48 ಗಂಟೆ. ನೀವೀಗ ಉತ್ತರ ಕೈಸೇರಿದ ಅಥವಾ ಉತ್ತರದ ಗಡುವು ಮುಗಿದ ದಿನದಿಂದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು, ಆದರೆ ಅಲ್ಲಿ ಸರದಿ ಬಹಳ ಉದ್ದ. ಅಷ್ಟರಲ್ಲಿ ಕಡತ ಪರಿಶೀಲನೆಗೆ ಅವಕಾಶ ಕೇಳಿ ಇನ್ನೊಂದು ಅರ್ಜಿ ಹಾಕಿ; ಮೊದಲ ಒಂದು ಗಂಟೆ ಉಚಿತ. ಕೂತು ನೋಡಿ ಬೇಕಾದ ಪುಟಗಳನ್ನಷ್ಟೇ ಗುರುತಿಸಿದರೆ ಜೆರಾಕ್ಸ್ ಖರ್ಚೂ ಉಳಿಯುತ್ತದೆ.

ನಾವು ಕಾಸರಗೋಡಿನ ಕನ್ನಡಿಗರು. ಇದೆಲ್ಲ ನಮಗೂ ಹೊಂದುತ್ತದೆಯೇ?
– ಓದುಗರು, ಮಂಜೇಶ್ವರ

ಮಾಹಿತಿ ಹಕ್ಕು ಕಾಯ್ದೆಯ ಗಡುವುಗಳು ಅವೇ. 150 ಪದಗಳ ಮಿತಿ ಮಾತ್ರ ಕರ್ನಾಟಕದ ನಿಯಮ. ಕೇರಳದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಗ್ರಾಮ ಪಂಚಾಯತಿಗೆ, ಸಮುದಾಯ ಆರೋಗ್ಯ ಕೇಂದ್ರ ಬ್ಲಾಕ್ ಪಂಚಾಯತಿಗೆ, ಜಿಲ್ಲಾಸ್ಪತ್ರೆ ಜಿಲ್ಲಾ ಪಂಚಾಯತಿಗೆ ಸೇರಿದ್ದು. ಹಾಗಾಗಿ ನಿರ್ವಹಣೆಯ ಖರ್ಚನ್ನು ನಿಮ್ಮ ಗ್ರಾಮಸಭೆಯಲ್ಲೇ ನೇರವಾಗಿ ಕೇಳಬಹುದು; ಆಸ್ಪತ್ರೆ ನಿರ್ವಹಣಾ ಸಮಿತಿಯ ಲೆಕ್ಕವನ್ನೂ ಅಲ್ಲೇ ಮಂಡಿಸಿರೆನ್ನಿ. ಭಾಷಾ ಅಲ್ಪಸಂಖ್ಯಾತರಾಗಿ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಹಕ್ಕು ನಿಮಗಿದೆ, ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ.