ಕೊನೆ ಗೊತ್ತಿದ್ದರೂ ಮತ್ತೆ ಮತ್ತೆ

ಓದುಗರ ಪತ್ರ: “ಹೋದ ಸಂಚಿಕೆಯಲ್ಲಿ ನಿಮಗೆ ಬಲು ಇಷ್ಟ ಅಂತ ಮೂರು ಹೇಳಿದ್ದಿರಿ. ಫೋರ್ಸೈತ್‌ನ ಥ್ರಿಲ್ಲರ್, ಹಳೆಯ ಬ್ರಿಟಿಷ್ ಕಾಮಿಡಿ, ಅಮೆರಿಕದ ಸದರ್ನ್ ರಾಕ್. ಮತ್ತೆ ಮತ್ತೆ ಅವುಗಳ ಹತ್ತಿರ ಹೋಗುತ್ತೀರಂತೆ. ಥ್ರಿಲ್ಲರ್ ಎಂದರೆ ಬಸ್ಸಿನಲ್ಲಿ ಓದಿ ಸೀಟಿನ ಮೇಲೇ ಬಿಟ್ಟು ಇಳಿಯುವಂಥದ್ದು. ಗುಟ್ಟು ರಟ್ಟಾದ ಮೇಲೆ ಅದರಲ್ಲಿ ಏನು ಉಳಿಯುತ್ತದೆ? ಜೋಕೂ ಅಷ್ಟೇ. ಆ ಸಂಗೀತವಂತೂ ಬರೀ ಗಲಾಟೆ. ಇರಲಿ, ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಸಿ, ನೋಡೋಣ.” (ನಿವೃತ್ತ ಮೇಷ್ಟ್ರು, ಸಾಗರ)

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ನಿಮ್ಮ ತಕರಾರು ಹೊಸದೇನಲ್ಲ. 1970ರಲ್ಲಿ ಫ್ರೆಡರಿಕ್ ಫೋರ್ಸೈತ್‌ಗೆ ಪ್ರಕಾಶಕರು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಆಗ ಆತ ಕೆಲಸವಿಲ್ಲದೆ ಕೂತಿದ್ದ ಪತ್ರಕರ್ತ. 35 ದಿನದಲ್ಲಿ ‘ದ ಡೇ ಆಫ್ ದ ಜಾಕಲ್’ ಬರೆದು ಮುಗಿಸಿದ್ದ. ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಅವರನ್ನು ಮುಗಿಸಲು ಒಬ್ಬ ಬಾಡಿಗೆ ಹಂತಕ ಹೊರಡುವ ಕಥೆ. ತಮಾಷೆ ಏನೆಂದರೆ ಡಿ ಗಾಲ್ ಆಗಿನ್ನೂ ಬದುಕಿದ್ದರು! ಹಂತಕ ಸೋಲುತ್ತಾನೆ ಅಂತ ಎಲ್ಲರಿಗೂ ಗೊತ್ತು, ಇದನ್ನು ಯಾರ್ರೀ ಓದ್ತಾರೆ ಅಂತ ಹಸ್ತಪ್ರತಿ ವಾಪಸ್ ಬಂತು. ಆ ನವೆಂಬರಿನಲ್ಲಿ ಡಿ ಗಾಲ್ ತಮ್ಮ ಮನೆಯಲ್ಲೇ ತೀರಿಕೊಂಡರು. ಮರುವರ್ಷ ಪುಸ್ತಕ ಹೊರಬಂತು, ಜನ ಮುಗಿಬಿದ್ದು ಓದಿದರು.

ಯಾಕೆ ಓದಿದರು ಅನ್ನುವುದಕ್ಕೆ ಪಾಸ್‌ಪೋರ್ಟಿನ ಭಾಗ ಸಾಕು. ಹಂತಕ ಹಳ್ಳಿ ಚರ್ಚುಗಳ ಸ್ಮಶಾನದಲ್ಲಿ ಅಡ್ಡಾಡುತ್ತಾನೆ. ಬದುಕಿದ್ದರೆ ಈಗ ತನ್ನ ವಯಸ್ಸೇ ಆಗಿರುತ್ತಿದ್ದ, ಚಿಕ್ಕಂದಿನಲ್ಲೇ ಸತ್ತ ಮಗುವಿನ ಹೆಸರು ಅವನಿಗೆ ಬೇಕು. ಸಮಾಧಿಯ ಕಲ್ಲಿನಲ್ಲಿ ಅದು ಸಿಗುತ್ತದೆ. ಲಂಡನ್ನಿಗೆ ಬಂದು ಆ ಹೆಸರಿನ ಜನನ ಪ್ರಮಾಣಪತ್ರ ತೆಗೆಸುತ್ತಾನೆ. ಪಾಸ್‌ಪೋರ್ಟ್ ಅರ್ಜಿ ತುಂಬಿ ಕಳಿಸುತ್ತಾನೆ. ಅಷ್ಟೇ. ಜನನದ ಲೆಕ್ಕವನ್ನೂ ಮರಣದ ಲೆಕ್ಕವನ್ನೂ ತಾಳೆ ನೋಡುವವರೇ ಇರಲಿಲ್ಲ. ಇದನ್ನು ಓದುವಾಗ ಗುಂಡಿನ ಸದ್ದಿಲ್ಲ, ಓಟವಿಲ್ಲ. ಒಬ್ಬ ಮನುಷ್ಯ ಕಚೇರಿಯಿಂದ ಕಚೇರಿಗೆ ತಿರುಗುತ್ತಾನೆ, ನಾವು ಉಸಿರು ಬಿಗಿಹಿಡಿದು ಅವನ ಹಿಂದೆ ಹೋಗುತ್ತೇವೆ. ಅವನು ಕೊಲೆಗಾರ ಅನ್ನುವುದೂ ಮರೆತುಹೋಗಿ, ಅರ್ಜಿ ಪಾಸಾದರೆ ಸಾಕಪ್ಪ ಅನ್ನಿಸುತ್ತದೆ. ಎರಡನೇ ಸಲ ಓದಿದಾಗಲೂ!

ಫೋರ್ಸೈತ್ ಪ್ಯಾರಿಸ್ಸಿನಲ್ಲಿ ರಾಯಿಟರ್ಸ್ ವರದಿಗಾರನಾಗಿದ್ದವನು. 1962ರ ಆಗಸ್ಟಿನಲ್ಲಿ ಡಿ ಗಾಲ್ ಅವರ ಕಾರಿನ ಮೇಲೆ ನಿಜವಾಗಿಯೇ ಗುಂಡಿನ ದಾಳಿ ನಡೆದಿತ್ತು. ಕಾದಂಬರಿ ಅಲ್ಲಿಂದಲೇ ಹೊರಡುತ್ತದೆ. ಅದಕ್ಕೇ ಸುಳ್ಳು ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗುವುದಿಲ್ಲ. ಹೆಣ್ಣು ಪಾತ್ರಗಳು ಮಾತ್ರ ಸಪ್ಪೆ, ಅದನ್ನು ಒಪ್ಪಿಕೊಳ್ಳಬೇಕು.

ಅಂದಹಾಗೆ ಮೇಷ್ಟ್ರೇ, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದಿದ ತಲೆಮಾರು ನಿಮ್ಮದು. ಒಂದೊಂದನ್ನೂ ಒಂದೇ ಸಲ ಓದಿ ಬಿಟ್ಟಿರಾ? ನಿಜ ಹೇಳಿ.

ಜೋಕಿನ ಮಾತಿಗೆ ಬರೋಣ. ನಾನು ಹೇಳಿದ ಕಾಮಿಡಿ ಬಿಬಿಸಿಯ ‘ಫಾಲ್ಟಿ ಟವರ್ಸ್’. 1975ರಲ್ಲಿ ಆರು ಕಂತು, 1979ರಲ್ಲಿ ಆರು, ಒಟ್ಟು ಹನ್ನೆರಡೇ. ಬರೆದವರು ಜಾನ್ ಕ್ಲೀಸ್ ಮತ್ತು ಕಾನಿ ಬೂತ್. ಮೊದಲ ಆರರ ಹೊತ್ತಿಗೆ ಗಂಡಹೆಂಡತಿ, ಎರಡನೆಯ ಆರರ ಹೊತ್ತಿಗೆ ವಿಚ್ಛೇದನ ಆಗಿತ್ತು. ಆದರೂ ಜೊತೆಗೆ ಕೂತು ಬರೆದರು. ಟಾರ್ಕಿ ಊರಿನ ಒಂದು ಹೋಟೆಲಿನ ಮಾಲೀಕ ಬೇಸಿಲ್, ಗಿರಾಕಿ ಬಂದರೆ ಸಿಡಿಮಿಡಿಗುಟ್ಟುವ ಆಸಾಮಿ.

ಒಂದು ಕಂತಿನಲ್ಲಿ ದೊಡ್ಡ ಅತಿಥಿಗಳ ಊಟಕ್ಕೆ ಬೇರೆ ಕಡೆಯಿಂದ ಅಡುಗೆ ತರುವಾಗ ಕಾರು ಕೆಟ್ಟು ನಿಲ್ಲುತ್ತದೆ. ಬೇಸಿಲ್ ಕಾರಿಗೆ ಬೈಯುತ್ತಾನೆ. ಮೂರು ಎಣಿಸುತ್ತೇನೆ ಅಂತ ಎಚ್ಚರಿಕೆ ಕೊಡುತ್ತಾನೆ. ಎಣಿಸುತ್ತಾನೆ. ಕಾರು ಕದಲುವುದಿಲ್ಲ. ಇಳಿದು ಎಲ್ಲೋ ಓಡುತ್ತಾನೆ. ಕ್ಯಾಮೆರಾ ಅವನ ಹಿಂದೆ ಹೋಗದೆ ಸುಮ್ನೆ ಆ ಕಾರನ್ನೇ ನೋಡುತ್ತಾ ನಿಲ್ಲುತ್ತದೆ. ಒಂದು ಕ್ಷಣ, ಎರಡು ಕ್ಷಣ. ಆಮೇಲೆ ಮರದ ಕೊಂಬೆ ಹಿಡಿದು ಬಂದು ಕಾರಿಗೆ ಬಾರಿಸುತ್ತಾನೆ. ಮೊದಲ ಸಲ ನಗು ಬರುವುದು ಕೊಂಬೆ ಕಂಡಾಗ. ಆಮೇಲಿನ ಸಲಗಳಲ್ಲಿ ಖಾಲಿ ಕಾರು ಕಂಡಾಗಲೇ ಹೊಟ್ಟೆ ಹುಣ್ಣಾಗುತ್ತದೆ, ಯಾಕೆಂದರೆ ಕೊಂಬೆ ಬರುತ್ತಿದೆ ಅಂತ ನಮಗೆ ಗೊತ್ತು. ಗುಟ್ಟು ಗೊತ್ತಿದ್ದವರಿಗೇ ಇಲ್ಲಿ ನಗು ಜಾಸ್ತಿ.

ಇಂಗ್ಲಿಷ್ ಸರಿಯಾಗಿ ಬಾರದ ಸ್ಪ್ಯಾನಿಷ್ ಮಾಣಿ ಮ್ಯಾನುಯೆಲ್‌ನ ತಲೆಗೆ ಬೇಸಿಲ್ ಮೊಟಕುವುದು ಈಗಿನ ಕಣ್ಣಿಗೆ ಸ್ವಲ್ಪ ಚುಚ್ಚುತ್ತದೆ, ಹೌದು. ಆದರೆ ಕೊನೆಗೆ ಮಾನ ಕಳೆದುಕೊಳ್ಳುವವನು ಯಾವಾಗಲೂ ಬೇಸಿಲ್ಲೇ. ಮ್ಯಾನುಯೆಲ್ ಆಗಿದ್ದ ಆಂಡ್ರ್ಯೂ ಸ್ಯಾಕ್ಸ್ ಬರ್ಲಿನ್ನಿನಲ್ಲಿ ಹುಟ್ಟಿ, ನಾಜಿಗಳ ಕಾಟಕ್ಕೆ ಚಿಕ್ಕಂದಿನಲ್ಲೇ ಮನೆಯವರ ಜೊತೆ ಇಂಗ್ಲೆಂಡಿಗೆ ಓಡಿಬಂದವರು.

ಇನ್ನು ಗಲಾಟೆ. ಸದರ್ನ್ ರಾಕ್ ಅಂದರೆ ಅಮೆರಿಕದ ದಕ್ಷಿಣದ ರಾಜ್ಯಗಳ ರಾಕ್ ಸಂಗೀತ. ಅದರಲ್ಲಿ ನನಗಿಷ್ಟವಾದ ಆಲ್ಮನ್ ಬ್ರದರ್ಸ್ ಬ್ಯಾಂಡಿನಲ್ಲಿ ಇಬ್ಬರು ಡ್ರಮ್ ಬಾರಿಸುತ್ತಿದ್ದರು, ಗಲಾಟೆ ಇದ್ದೇ ಇರುತ್ತದೆ ಬಿಡಿ. 1969ರಲ್ಲಿ ಕೂಡಿಕೊಂಡ ತಂಡ, ಜಾರ್ಜಿಯಾದ ಮೇಕನ್ ಊರಿನಲ್ಲಿ ನೆಲೆ ನಿಂತಿತು. ಅಮೆರಿಕದ ದಕ್ಷಿಣದಲ್ಲಿ, ಆ ಕಾಲದಲ್ಲಿ, ಕರಿಯರೂ ಬಿಳಿಯರೂ ಒಂದೇ ತಂಡದಲ್ಲಿ ನುಡಿಸಿ ಒಂದೇ ಮನೆಯಲ್ಲಿ ಇರುವುದು ಸಣ್ಣ ಮಾತಾಗಿರಲಿಲ್ಲ.

1971ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್‌ನಲ್ಲಿ ಅವರ ಕಛೇರಿ ರೆಕಾರ್ಡ್ ಆಯಿತು. ಅದರಲ್ಲಿ ‘ವಿಪ್ಪಿಂಗ್ ಪೋಸ್ಟ್’ ಶುರುವಾಗುವ ಮುಂಚೆ ಸಭೆಯಿಂದ ಯಾರೋ ಆ ಹಾಡಿನ ಹೆಸರನ್ನೇ ಕೂಗುತ್ತಾರೆ, ಕೇಳಿ. ಬರುವುದು ಏನು ಅಂತ ಅವರಿಗೂ ಗೊತ್ತು. ಬೆರಿ ಓಕ್ಲಿ ಬೇಸ್ ಗಿಟಾರ್ ಎತ್ತಿಕೊಳ್ಳುತ್ತಾರೆ. ತೊಡೆಯ ಮೇಲೆ ತಾಳ ಹಾಕಿ ನೋಡಿ: ಮೂರು, ಮೂರು, ಮೂರು, ಎರಡು. ಹನ್ನೊಂದು ಎಣಿಕೆ. ಕರ್ನಾಟಕ ಸಂಗೀತ ಕೇಳಿದ ಕಿವಿಗೆ ಇದೇನೂ ಕಷ್ಟವಲ್ಲ. ಅಲ್ಲಿಂದ 23 ನಿಮಿಷ. ಹಾಡು ಮುಗಿಯಿತು ಅನ್ನುವಷ್ಟು ತಗ್ಗುತ್ತದೆ, ಮತ್ತೆ ಏಳುತ್ತದೆ. ತಂಡದ ಗಿಟಾರ್ ವಾದಕ ಡುವೇನ್ ಆಲ್ಮನ್ ಸ್ಲೈಡ್, ಅಂದರೆ ತಂತಿಯ ಮೇಲೆ ಜಾರಿಸುತ್ತಾ, ನುಡಿಸುವಾಗ ಬೆರಳಿಗೆ ಹಾಕಿಕೊಳ್ಳುತ್ತಿದ್ದುದು ನೆಗಡಿ ಮಾತ್ರೆಯ ಗಾಜಿನ ಸೀಸೆ. ಅದೇ ಅಕ್ಟೋಬರಿನಲ್ಲಿ ಮೇಕನ್‌ನಲ್ಲಿ ಬೈಕ್ ಅಪಘಾತದಲ್ಲಿ ಆತ ಹೋದ. ಮರುವರ್ಷ ಬೆರಿ ಓಕ್ಲಿಯೂ ಬೈಕ್ ಅಪಘಾತದಲ್ಲೇ ಹೋದ, ಅಲ್ಲೇ ಹತ್ತಿರದಲ್ಲಿ. ಇಬ್ಬರಿಗೂ 24 ವರ್ಷ.

ಲಿನರ್ಡ್ ಸ್ಕಿನರ್ಡ್ ತಂಡವನ್ನೂ ಕೇಳುತ್ತೇನೆ, ಆದರೆ ಗುಲಾಮಗಿರಿ ಉಳಿಸಲು ಹೋರಾಡಿದವರ ಬಾವುಟವನ್ನು ವೇದಿಕೆಯ ಹಿಂದೆ ಕಟ್ಟಿದ್ದನ್ನು ನನ್ನಿಂದ ಮೆಚ್ಚಲಾಗದು.

ಶುರು ಮಾಡುವುದಾದರೆ ಕಾರಿನ ಕಂತಿನಿಂದ ಮಾಡಿ, ಅರ್ಧ ಗಂಟೆಯ ಕೆಲಸ. ಹೆಸರು ‘ಗೌರ್ಮೆ ನೈಟ್’. ಜಾಕಲ್‌ನ ಮೊದಲ ಪುಟಗಳಲ್ಲಿ ಫ್ರೆಂಚ್ ರಾಜಕೀಯ ಜಾಸ್ತಿ, ಬೇಸರವಾದರೂ ಬಿಡಬೇಡಿ. ಸಂಗೀತದಲ್ಲಿ ನೇರವಾಗಿ 23 ನಿಮಿಷದ್ದಕ್ಕೆ ಕೈ ಹಾಕಬೇಡಿ. ಅದೇ ಆಲ್ಬಮ್ಮಿನ ಮೊದಲ ಹಾಡು ‘ಸ್ಟೇಟ್ಸ್‌ಬೊರೊ ಬ್ಲೂಸ್’ ಸಾಕು. ಹಿಡಿಸದಿದ್ದರೆ ಚೆನ್ನಾಗಿ ಬೈದು ಬರೆಯಿರಿ, ಒಂದಕ್ಷರ ಕತ್ತರಿಸದೆ ಹಾಕುತ್ತೇವೆ.